ಬ್ಯಾಗಿನ ಪರಸ್ಥಾನ

ಕಲೋನ್‌ನಿಂದ ವಿಯೆನ್ನಾಕ್ಕೆ ಹೆಚ್ಚುಕಡಿಮೆ ಏಳುನೂರೈವತ್ತು ಕಿಲೋಮೀಟರ್, ವಿಮಾನದಲ್ಲಿ ಒಂದೂವರೆ ತಾಸು. ಸುನಿಲಕುಮಾರ ಅಷ್ಟನ್ನೇ ಲೆಕ್ಕ ಹಾಕಿದ್ದ. ಮೇಲಿನ ಮನೆಯ ಮಹಾಂತಮ್ಮನವರು ಅದಕ್ಕೆ ರಾಹುಕಾಲವನ್ನೂ ಸೇರಿಸಿದರು.

“ವಿಮಾನ ಎಷ್ಟಕ್ಕಪಾ?”

“ಹನ್ನೆರಡಕ್ಕರೀ. ಹತ್ತೂವರಿಗೆ ಮನಿ ಬಿಡ್ತೀನಿ.”

“ಇವತ್ತ ಶುಕ್ರವಾರ, ರಾಹುಕಾಲ ಸುರುವಾಗೂ ಹತ್ತೂವರಿಗೆ? ಹೆಣ್ಣು ನೋಡಾಕ? ಹೋದ ಸಲದ ಸಂಬಂಧ ಸುಮ್ಮನ ಮುರೀತೇನು?”

ಈ ಸಲದ್ದೂ ಮುರಿಯುವುದು ಸುನಿಲನಿಗೆ ಬೇಕಿರಲಿಲ್ಲ. ಮಹಾಂತಮ್ಮನವರೇ ಗುರುತು ಹೇಳಿದ್ದ, ವಿಯೆನ್ನಾದಲ್ಲಿ ಕೆಲಸದಲ್ಲಿದ್ದ ಸೌಭಾಗ್ಯಳ ಜೊತೆ ಮೂರು ತಿಂಗಳು ಫೋನಿನಲ್ಲಿ ಮಾತಾಡಿ ಇಬ್ಬರಿಗೂ ಒಪ್ಪಿಗೆಯಾಗಿತ್ತು. ಮಗಳನ್ನು ನೋಡಲು ಬಂದಿದ್ದ ಅವಳ ತಂದೆ ನಿಜಲಿಂಗಪ್ಪನವರು ಮಾತ್ರ ಹುಡುಗನನ್ನು ಕಣ್ಣಾರೆ ನೋಡದೆ ಮಾತಿಲ್ಲ ಎಂದಿದ್ದರು. ನಾಳೆ ಸಂಜೆ ಅವರು ಫ್ರಾಂಕ್‌ಫರ್ಟಿನಿಂದ ಊರಿಗೆ ಹೊರಡುವವರು.

“ಪರಸ್ಥಾನ ಇಡೂಣು” ಎಂದರು ಮಹಾಂತಮ್ಮ.

ರಾಹುಕಾಲಕ್ಕೆ ಮೊದಲೇ ಬ್ಯಾಗನ್ನು ಬೇರೆಯವರ ಮನೆಯಲ್ಲಿಟ್ಟರೆ ಪ್ರಯಾಣ ಆಗಲೇ ಶುರುವಾದಂತೆ. ಎಂಟಕ್ಕೆ ಸುನಿಲ ಪಾಸ್‌ಪೋರ್ಟ್ ಸಮೇತ ಬ್ಯಾಗನ್ನು ಅವರ ಕೈಗೆ ಕೊಟ್ಟ. ಹತ್ತೂವರೆಗೆ ಹೋದರೆ ಬ್ಯಾಗ್ ಅಲ್ಲಿರಲಿಲ್ಲ.

“ಒಂದ ಬಿಲ್ಡಿಂಗು, ಒಂದ ಸೂರು. ಅದು ಹೆಂಗ ಪರಸ್ಥಾನ ಆಗ್ತೈತಿ? ಎದುರಿನ ಬಿಲ್ಡಿಂಗಿನ ಜೂಲಿಯಾನಾ ಮನ್ಯಾಗ ಇಟ್ಟು ಬಂದೀನಿ.”

ಮಂಗಳೂರಿನ ಜೂಲಿಯಾನಾ ನರ್ಸ್. ಒಂಬತ್ತಕ್ಕೇ ಮನೆಗೆ ಬೀಗ ಹಾಕಿ ಡ್ಯೂಟಿಗೆ ಹೋಗಿದ್ದಳು. ಸುನಿಲ ಟ್ರಾಮ್ ಹಿಡಿದು ಆಸ್ಪತ್ರೆಗೆ ಓಡಿದ.

“ನಿಮ್ಮ ಬ್ಯಾಗ್ ನನ್ನ ಸೋಫಾದಲ್ಲಿ ಆರಾಮ ಉಂಟು ಮಾರಾಯ್ರೆ,” ಕೀ ಕೊಡುತ್ತ ಹೇಳಿದಳು. “ನೀವೇ ಬೆವರಿದ್ದೀರಿ. ಬಿಪಿ ನೋಡುದಾ?”

ಬೀಗ ತೆಗೆದು ಬ್ಯಾಗ್ ಎತ್ತಿಕೊಂಡು ವಿಮಾನ ನಿಲ್ದಾಣ ಮುಟ್ಟಿದಾಗ ಗೇಟ್ ಮುಚ್ಚಿ ಐದು ನಿಮಿಷವಾಗಿತ್ತು. ಸೌಭಾಗ್ಯಳಿಗೆ ‘ವಿಮಾನ ತಪ್ಪಿತು’ ಎಂದು ಬರೆದು, ಮಹಾಂತಮ್ಮನವರಿಗೂ ಫೋನ್ ಮಾಡಿದ.

“ಮನಿಗೆ ಬಾ. ಮುಂದಿಂದು ನನಗ ಬಿಡು” ಎಂದರು ಅವರು.

ಹಾಗೆ ಬಿಡುವ ಆಸಾಮಿ ಅವನಲ್ಲ. ಎರಡೂವರೆಯ ವಿಮಾನಕ್ಕೆ ಟಿಕೆಟ್ ಕೊಂಡ. ಹೊರಟವನನ್ನು ‘ಎಲ್ಲಿಗೆ’ ಎಂದು ಕೇಳಿದರೆ ಕೆಲಸ ಕೆಡುತ್ತದೆಂದು ಮಹಾಂತಮ್ಮನವರೇ ಹೇಳಿಕೊಟ್ಟಿದ್ದರು. ಯಾರೂ ಕೇಳದಿರಲೆಂದು ಫೋನನ್ನೇ ಆಫ್ ಮಾಡಿದ.

ಐದು ಗಂಟೆಗೆ ವಿಯೆನ್ನಾದಲ್ಲಿ ಸೌಭಾಗ್ಯಳ ಮನೆಯ ಬೆಲ್ ಒತ್ತಿದ. ಮತ್ತೆ ಒತ್ತಿದ. ಬಾಗಿಲು ತೆರೆಯಲಿಲ್ಲ. ಮದುವೆ ಮುಗಿದ ಮೇಲೆ ಬಂದ ಓಲಗದವನಂತೆ, ಹೂಗುಚ್ಛ ಹಿಡಿದು ನಿಂತು ಫೋನ್ ಆನ್ ಮಾಡಿದ. ಹದಿನಾಲ್ಕು ಮಿಸ್ಡ್ ಕಾಲ್. ಹದಿನೈದನೆಯದು ಆಗಲೇ ರಿಂಗಾಯಿತು.

“ಎಲ್ಲಿ ಅದೀಯಪಾ?” ಮಹಾಂತಮ್ಮ.

“ವಿಯೆನ್ನಾದಾಗರೀ. ಸೌಭಾಗ್ಯ ಅವರ ಬಾಗಿಲ ಮುಂದ.”

ಆ ಕಡೆ ರೊಟ್ಟಿ ಬಡಿಯುವ ಸದ್ದು ನಿಂತಿತು.

“ಅಯ್ಯ ಶಿವನ. ಅವರನ್ನ ನಾನ ಇಲ್ಲಿಗೆ ಕರಿಸೀನಲ್ಲೊ. ಹೆಂಗೂ ಫ್ರಾಂಕ್‌ಫರ್ಟಿಗೆ ಹೋಗೋರು, ಇವತ್ತ ಬರ್ರಿ, ಹುಡುಗ ಮನ್ಯಾಗ ಇರ್ತಾನ, ಒಂದೂವರಿ ತಾಸಿನ ಹಾದಿ ಅಂದೆ. ಅಪ್ಪ ಮಗಳು ಇಬ್ಬರೂ ನಮ್ಮಲ್ಲೇ ಊಟಕ್ಕ ಕುಂತಾರ.”

ಸುನಿಲ ಗೋಡೆಗೆ ಒರಗಿ ನಾಳಿನ ವಿಮಾನಗಳನ್ನು ನೋಡಿದ. ಅವರು ಹೊರಡುವ ಮೊದಲು ಕಲೋನ್ ಮುಟ್ಟುವುದು ಒಂದೇ ಇತ್ತು.

“ನಾಳೆ ಮುಂಜಾನೆ ಹನ್ನೊಂದಕ್ಕ ಐತ್ರಿ. ಒಂಬತ್ತೂವರಿಗೆ ಇಲ್ಲಿಂದ ಹೊಂಡ್ತೀನಿ.”

“ಶನಿವಾರ ಒಂಬತ್ತೂವರಿಗಾ?”

ಹಿಂದಿನಿಂದ ನಿಜಲಿಂಗಪ್ಪನವರ ದನಿ ಕೇಳಿತು: “ರಾಹುಕಾಲದಾಗ ಹೊಂಟು ಬಂದ ಹುಡುಗನ ಮಾರಿ ನಾ ನೋಡೂದಿಲ್ಲ ಅಂತ ಹೇಳ್ರಿ.”

“ಕೇಳಿದ್ಯಾ? ಈಗ ಸೀದಾ ಹೋಗಿ ಪರಸ್ಥಾನ ಇಡು,” ಎಂದರು ಮಹಾಂತಮ್ಮ. “ಆ ಊರಾಗ ನಿನಗ ಗುರುತಿನವರ ಮನಿ ಯಾವುದೈತಿ?”

ಸುನಿಲ ಎದುರಿನ ಮುಚ್ಚಿದ ಬಾಗಿಲನ್ನು ನೋಡಿದ. ಬ್ಯಾಗನ್ನು ಮೆಲ್ಲಗೆ ಅದರ ಮುಂದಿನ ಕಾಲೊರಸಿನ ಮೇಲಿಟ್ಟ.

“ಅವರನ್ನ ಒಂದು ಮಾತು ಕೇಳ್ರಿ,” ಎಂದ. “ಹೊಸ್ತಿಲದ ಹೊರಗ ಇಟ್ಟರ ನಡೀತೈತೇನು?”