ಬೆಳ್ಳಿ ಆರತಿ ತಟ್ಟೆಯ ವಿಮಾನಯಾನ

ಅಂದು ಬೆಳಗ್ಗೆ ಹುಬ್ಬಳ್ಳಿಯ ಛತ್ರದಲ್ಲಿ ತಲೆಗೆ ನೀರು ಹಾಕಿಕೊಂಡೆ. ಒದ್ದೆ ಟವೆಲುಗಳನ್ನು ಹಿಂಡಿ ಕವರಿಗೆ ತುಂಬಿದೆ. ಅತ್ತೆಯ ಬಿಪಿ ಮಾತ್ರೆಯನ್ನು ಓರಗಿತ್ತಿ ಗಿರಿಜೆಯ ಕೈಗೆ ಕೊಟ್ಟೆ. ಮಿಕ್ಕ ಲಾಡು ಡಬ್ಬಿಗೆ ಹಾಕಿದೆ. ಆಮೇಲೆ, ಯಾರೂ ನೋಡದಾಗ, ಮನೆಯ ಬೆಳ್ಳಿ ಆರತಿ ತಟ್ಟೆಯನ್ನು ನನ್ನ ಬ್ಯಾಗಿನ ತಳಕ್ಕೆ ಸೇರಿಸಿದೆ.

ಇದರ ಹಿಂದೆ ದೀರ್ಘಾಲೋಚನೆ ಇತ್ತು. ಕಿರಿಯ ಮೈದುನ ಶಿವುವಿನ ಮದುವೆ ಹಿಂದಿನ ದಿನ ಮುಗಿದಿತ್ತು. ಸಂಜೆ ದೀಪ ಹಚ್ಚುವ ಹೊತ್ತಿಗೆ ಮದುಮಗಳನ್ನು ವಿಜಯನಗರದ ನಮ್ಮ ಮನೆ ತುಂಬಿಸಿಕೊಳ್ಳಬೇಕು. ಹೊಸ್ತಿಲಲ್ಲಿ ಆರತಿ ಎತ್ತುವುದು ಹಿರಿಸೊಸೆಯ ಹಕ್ಕು. ಅಂದರೆ ನನ್ನದು. ನಾನಿಲ್ಲದಿದ್ದರೆ ಎರಡನೆಯವಳು. ಅಂದರೆ ಗಿರಿಜೆ!

ಎಲ್ಲರ ಜೊತೆ ರೈಲಿನಲ್ಲಿ ಹೋಗಿದ್ದರೆ ತಕರಾರೇ ಇರಲಿಲ್ಲ. ಆದರೆ ಗಿರಿಜೆ ಹೋದ ವರ್ಷ ವಿಮಾನದಲ್ಲಿ ದೆಹಲಿಗೆ ಹೋಗಿ ಬಂದಿದ್ದಳು. ಅಂದಿನಿಂದ ಅನ್ನ ಉಕ್ಕಿದರೂ "ಅಕ್ಕ, ಮೇಲಿಂದ ಮೋಡ ಥೇಟ್ ಹೀಗೇ ಕಾಣ್ಸತ್ತೆ" ಅನ್ನುತ್ತಿದ್ದಳು. ಎಷ್ಟಂತ ಸಹಿಸಲಿ? ನನಗೂ ಒಂದು ಮೋಡ ಬೇಕಾಯಿತು.

"ನೀವೆಲ್ಲ ರೈಲಲ್ಲಿ ನಿಧಾನಕ್ಕೆ ಬನ್ನಿ. ನಾವು ಮೊದ್ಲೇ ಹೋಗಿ ಕಾಫಿಗೆ ನೀರಿಟ್ಟಿರ್ತೀವಿ" ಎಂದು ಘೋಷಿಸಿ ನಮ್ಮವರನ್ನು ವಿಮಾನ ನಿಲ್ದಾಣಕ್ಕೆ ಎಳೆದುಕೊಂಡು ಹೋದೆ.

ತಪಾಸಣೆಯವರು ತಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದರು. ಕುಂಕುಮದ ಪೊಟ್ಟಣ ಬಿಚ್ಚಿದರು. ಬೆಂಕಿಪೊಟ್ಟಣ ಕಿತ್ತುಕೊಂಡರು. ವಿಮಾನ ಮಾತ್ರ ಬರಲಿಲ್ಲ.

ಗಿರಿಜೆಯ ಫೋನು ಬಂತು. "ಅಕ್ಕ, ಅರಸೀಕೆರೆ ದಾಟಿದ್ವಿ. ಕಾಫಿಗೆ ನೀರಿಟ್ರಾ?"

"ಇಡ್ತಾ ಇದೀನಿ ಕಣೇ" ಎಂದೆ, ಹುಬ್ಬಳ್ಳಿಯಲ್ಲೇ ಕೂತು.

"ಯಾಕೆ ಸುಳ್ಳು ಹೇಳ್ತೀಯ?" ಎಂದರು ನಮ್ಮವರು.

"ನೀವು ಸುಮ್ನಿರಿ. ತಟ್ಟೆ ನನ್ನತ್ರ ಇದೆ. ಅದಿಲ್ದೆ ಅವಳೇನ್ ಮಾಡ್ತಾಳೆ?"

ಕೊನೆಗೂ ಹಾರಿದೆವು. ಮೋಡ ಕಾಣಲಿಲ್ಲ. ನನ್ನ ಕಿಟಕಿ ತುಂಬ ರೆಕ್ಕೆಯೇ ಇತ್ತು!

ಇಳಿದದ್ದೇ ಓಟ, ನಾನು ಮುಂದೆ, ಲಗೇಜು ಹೊತ್ತ ನಮ್ಮವರು ಹಿಂದೆ. ಯಶವಂತಪುರದವರೆಗೆ ಬಸ್ಸು, ಅಲ್ಲಿಂದ ಹಸಿರು ಮೆಟ್ರೊ, ಮೆಜೆಸ್ಟಿಕ್‌ನಲ್ಲಿ ಬದಲಾಯಿಸಿ ನೇರಳೆ ಮೆಟ್ರೊ. ಹೊಸಹಳ್ಳಿಯಲ್ಲಿ ಇಳಿದರೆ ಮನೆ ಪಕ್ಕದಲ್ಲೇ. ದಾರಿಯುದ್ದಕ್ಕೂ ಬ್ಯಾಗಿಗೆ ಕೈಹಾಕಿ ತಟ್ಟೆ ಇದೆಯೇ ಎಂದು ಮುಟ್ಟಿ ನೋಡುವುದು, ಅದೇ ಕೈಯಲ್ಲಿ ಬೆವರು ಒರೆಸುವುದು.

ಮೆಜೆಸ್ಟಿಕ್‌ನಲ್ಲಿ ನೇರಳೆ ರೈಲು ನಿಂತಿತ್ತು. "ಬನ್ರೀ!" ಎಂದು ಹಾರಿ ಹತ್ತಿದೆ. ಬಾಗಿಲು ಮುಚ್ಚಿತು. ನಮ್ಮವರು ಹೊರಗೇ ಉಳಿದು ಗಾಜು ಬಡಿಯುತ್ತಾ ಕೈಯಾಡಿಸುತ್ತಿದ್ದರು. ಮುಂದಿನ ರೈಲಲ್ಲಿ ಬರ್ತೀನಿ ಅಂತಿರಬೇಕು ಎಂದುಕೊಂಡು ನಾನೂ ಟಾಟಾ ಮಾಡಿದೆ.

ಒಳಗೆ ಜನ ತಾವಾಗಿಯೇ ಸರಿದು ದಾರಿ ಬಿಟ್ಟರು. ಒಬ್ಬ ಹುಡುಗ ದಡಬಡ ಎದ್ದು "ಅಮ್ಮಾ, ಕೂತ್ಕೊಳಿ" ಎಂದ. ಪಕ್ಕದ ಅಜ್ಜಿ ಕೈಮುಗಿದರು.

"ತಾಯೀ, ಈ ವರ್ಷವಾದ್ರೂ ನನ್ ಮೊಮ್ಮಗಳಿಗೆ ಮದ್ವೆ ಆಗತ್ತಾ?"

"ಆಗತ್ತೆ ಬಿಡಿ" ಎಂದೆ. ವಿಮಾನದಲ್ಲಿ ಬಂದವರಿಗೆ ಎಂಥ ಮರ್ಯಾದೆ ಎಂದು ಮನಸ್ಸು ತುಂಬಿ ಬಂತು. ಅಷ್ಟರಲ್ಲಿ ಕಬ್ಬನ್ ಪಾರ್ಕ್ ಬಂತು. ನಾನು ಹತ್ತಿದ್ದು ಎದುರು ದಿಕ್ಕಿನ ರೈಲು!

ತಿರುಗಿ ಬಂದು ಮನೆ ಮುಟ್ಟುವಾಗ ದೀಪ ಹಚ್ಚಿಯಾಗಿತ್ತು. ಹೊಸ್ತಿಲ ಸೇರು ಉರುಳಿ ಅಕ್ಕಿ ಚೆಲ್ಲಿತ್ತು. ಸರಿಯಾದ ರೈಲಿನಲ್ಲಿ ಬಂದ ನಮ್ಮವರು ಕಾಫಿ ಕುಡಿಯುತ್ತಿದ್ದರು.

"ಅಕ್ಕ, ಆದಷ್ಟೂ ಕಾದ್ವಿ" ಎಂದಳು ಗಿರಿಜೆ. "ಬೆಳ್ಳಿ ತಟ್ಟೆ ಎಷ್ಟು ಹುಡುಕಿದ್ರೂ ಸಿಗ್ಲಿಲ್ಲ. ಎದುರುಮನೆ ಆಂಟಿ ಹತ್ರ ಸ್ಟೀಲ್ ತಟ್ಟೆ ಇಸ್ಕೊಂಡು, ನಿಮ್ ಹೆಸರು ಹೇಳ್ಕೊಂಡೇ ಎತ್ತಿದೆ... ಅಯ್ಯೋ, ನಿಮ್ ಮುಖಕ್ಕೇನಾಯ್ತು?"

ಮದುಮಗಳು ಶಿವುವಿನ ಹಿಂದೆ ಸರಿದಳು. "ಅಕ್ಕಾರ ಮೈಮ್ಯಾಲೆ ದೇವ್ರು ಬಂದೈತೇನ್ರಿ?"

ಕನ್ನಡಿ ನೋಡಿದೆ. ಹಣೆಯಿಂದ ಗದ್ದದವರೆಗೆ ಕುಂಕುಮ! ತಪಾಸಣೆಯವರು ಬಿಚ್ಚಿದ ಪೊಟ್ಟಣವನ್ನು ನಾನು ಸರಿಯಾಗಿ ಕಟ್ಟಿರಲಿಲ್ಲ. ಕೆದರಿದ ಕೂದಲು ಬೇರೆ. ಅಜ್ಜಿ ಕೈಮುಗಿದದ್ದು ವಿಮಾನಕ್ಕಲ್ಲ.

"ಊರೆಲ್ಲ ಇವಳನ್ನ ಹೀಗೇ ನೋಡಿದೆಯಲ್ಲೇ!" ಎಂದು ಅತ್ತೆ ಹಣೆ ಚಚ್ಚಿಕೊಂಡರು. "ಗಿರಿಜಾ, ಮೊದ್ಲು ಇವಳಿಗೊಂದು ಆರತಿ ಎತ್ತಿ ದೃಷ್ಟಿ ತೆಗಿ. ಆ ತಟ್ಟೆ ಎಲ್ಲಿ ಹೋಯ್ತೋ!"

ನಾನೇ ಬ್ಯಾಗಿನಿಂದ ತೆಗೆದುಕೊಟ್ಟೆ. ಯಾರೂ ಏನೂ ಕೇಳಲಿಲ್ಲ. ಕೇಳಿದ್ದರೇ ಚೆನ್ನಾಗಿತ್ತು.

ಹೀಗೆ ಹೊಸ್ತಿಲಲ್ಲಿ ಬೆಳ್ಳಿ ತಟ್ಟೆಯ ಆರತಿಯೂ ಆಯಿತು. ಎತ್ತಿದವಳು ಗಿರಿಜೆ. ಎತ್ತಿಸಿಕೊಂಡವಳು ನಾನು!

ರಾತ್ರಿ ಬಿಸಿ ಅನ್ನ, ತಿಳಿಸಾರು, ಹಪ್ಪಳ, ಒಂದೊಂದು ಲಾಡು. ಬಡಿಸುತ್ತಾ ಗಿರಿಜೆ ಕೇಳಿದಳು, "ಮೋಡ ಹೇಗಿತ್ತಕ್ಕ?"

"ರೆಕ್ಕೆ ಚೆನ್ನಾಗಿತ್ತು" ಎಂದೆ.

ಎಲ್ಲರಿಗಿಂತ ಮೊದಲು ಮಲಗಿದವಳು ಗಿರಿಜೆ. ದಿಂಬಿಗೆ ತಲೆ ತಾಗಿದ್ದೇ ಗೊರಕೆ. ನಾನು ಸೂರು ನೋಡುತ್ತಾ ಬಿದ್ದಿದ್ದೆ. ನಿದ್ದೆಯಲ್ಲೂ ನನಗಿಂತ ಮುಂದೆ!