ಸದ್ದು ಮಾಡದ ಕೀಬೋರ್ಡು

ತಂಗಿಗೆ ಒಂದು ಫೋನು ಮಾಡಬೇಕಿತ್ತು, ನಾನು ಮಾಡಲಿಲ್ಲ. ಮೊಬೈಲು ಅಂಗಿಯ ಜೇಬಿನಲ್ಲೇ ಇತ್ತು. ಆದರೆ ಅನುಮಾನದ ಮನುಷ್ಯ ಯಾರನ್ನೂ ವಿಚಾರಿಸುವುದಿಲ್ಲ. ವಿಚಾರಿಸಿದರೆ ಉತ್ತರ ಬರುತ್ತದೆ, ಉತ್ತರ ಬಂದರೆ ಅನುಮಾನ ಹೋಗುತ್ತದೆ, ಆಮೇಲೆ ಅವನ ಹತ್ತಿರ ಉಳಿಯುವುದಾದರೂ ಏನು?

ನನಗಂತೂ ಅನುಮಾನವೇ ಹೊಟ್ಟೆಪಾಡು. ಕಾಸರಗೋಡಿನಲ್ಲಿ ಎಂಟನೆಯ ಕ್ಲಾಸಿಗೆ ಪುಸ್ತಕ ಮುಚ್ಚಿ ಕೊಚ್ಚಿಗೆ ಬಂದವನು, ಮಟ್ಟಾಂಚೇರಿಯ ಒಂದು ಗೋದಾಮಿನಲ್ಲಿ ಏಲಕ್ಕಿ, ಕರಿಮೆಣಸುಗಳ ಮಾದರಿ ನೋಡುವ ಕೆಲಸಕ್ಕೆ ನಿಂತೆ. ಮೆಣಸಿನಲ್ಲಿ ಕಲಬೆರಕೆಯ ಪಪ್ಪಾಯಿ ಬೀಜ ಹುಡುಕುತ್ತೇನೆ. ಮಾರುವವರು ಏಲಕ್ಕಿಯನ್ನು ಹಸಿರು ಕಾಗದದಲ್ಲಿ ಸುತ್ತಿ ತರುತ್ತಾರೆ. ಅದರ ನಡುವೆ ಮಾಸಲು ಕಾಯಿಯೂ ಹಸಿರಾಗಿ ಕಾಣುತ್ತದೆ. ನಾನು ಅದನ್ನು ಕಿಟಕಿಯ ಬಳಿ ಬಿಳಿ ಬಟ್ಟೆಯ ಮೇಲೆ ಸುರಿದು ನೋಡುತ್ತೇನೆ. ಈ ಬುದ್ಧಿ ಗೋದಾಮಿನ ಬಾಗಿಲಲ್ಲಿ ನಿಂತಿದ್ದರೆ ಚೆನ್ನಾಗಿತ್ತು. ನನಗೆ ನೋಡಿದ ಒಂದು ಸಂಬಂಧ ತಪ್ಪಿಹೋದದ್ದೂ ಇದರಿಂದಲೇ. ಹುಡುಗಿಯ ತಂದೆ ವಿಪರೀತ ಒಳ್ಳೆಯವರಾಗಿ ಕಂಡರು. ಏನೋ ಇದೆ ಎಂದು ನಾನು ಹಿಂದೆ ಸರಿದೆ.

ತಂಗಿ ವಿದ್ಯಾ ಆಗ ತಿರುವನಂತಪುರದ ಶ್ರೀಕಾರ್ಯಂನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಳು. ನಡುವೆ ಅವಳಿಗೆ ಕಂಪ್ಯೂಟರಿನಲ್ಲಿ ಸಂಗೀತ ಕಟ್ಟುವ ಹುಚ್ಚು ಹಿಡಿಯಿತು. ಅಲ್ಲಿನ ಒಂದು ನಾಟಕ ತಂಡದವರು, ನಮ್ಮ ನಾಟಕಕ್ಕೆ ಸಂಗೀತ ಮಾಡಿಕೊಡು, ಹಿಡಿಸಿದರೆ ಮುಂದಿನವೂ ನಿನಗೇ ಎಂದಿದ್ದರಂತೆ. ಅದಕ್ಕೆ ಬೇಕಾದ ಒಂದು ಕೀಬೋರ್ಡು, ಒಂದು ಹೆಡ್‌ಫೋನನ್ನು ಅವಳು ಎರ್ನಾಕುಳಂನ ಒಂದು ಅಂಗಡಿಗೆ ಹೇಳಿ ತರಿಸಿಟ್ಟಿದ್ದಳು. ಅದನ್ನು ತಲುಪಿಸುವುದಷ್ಟೇ ನನ್ನ ಕೆಲಸ.

"ಅಣ್ಣ, ನೀನು ಎಂತದೂ ಆರಿಸ್ಲಿಕ್ಕೆ ಹೋಗ್ಬೇಡ. ಅವರು ಕೊಟ್ಟದ್ದನ್ನು ತಂದ್ರೆ ಸಾಕು" ಎಂದಿದ್ದಳು. ಆರಿಸುವುದೇ ಕಸುಬಾದವನಿಗೆ ಹೇಳುವ ಮಾತೇ ಇದು?

ಅಂಗಡಿಯವನು ಪೆಟ್ಟಿಗೆ ಬಿಚ್ಚಿ ಕೀಬೋರ್ಡು ಹೊರತೆಗೆದ. ನಾನು ಒಂದು ಬಿಳಿ ಪಟ್ಟಿ ಒತ್ತಿದೆ. ಸದ್ದಿಲ್ಲ. ಕಪ್ಪು ಪಟ್ಟಿ ಒತ್ತಿದೆ. ಅದಕ್ಕೂ ಸದ್ದಿಲ್ಲ. "ಚೇಟ್ಟಾ, ಇದರೊಳಗೆ ಸದ್ದು ಇರುವುದಿಲ್ಲ, ಸದ್ದು ಇರುವುದು ಕಂಪ್ಯೂಟರಿನಲ್ಲಿ" ಎಂದು ಅವನು ಮಲಯಾಳದಲ್ಲಿ, ಅಣ್ಣನೆಂದೇ ಕರೆದು, ತಾಳ್ಮೆಯಿಂದ ತಿಳಿಸಿದ. ಬರೀ ಏಲಕ್ಕಿ ಸಿಪ್ಪೆಯನ್ನು ಇಷ್ಟು ಧೈರ್ಯವಾಗಿ ಯಾರೂ ನನಗೆ ಮಾರಲು ಬಂದಿರಲಿಲ್ಲ. ಹೆಡ್‌ಫೋನು ಕಿವಿಗೆ ಹಾಕಿ ನೋಡಿದೆ. ಹಾಡು ಒಣಕಲು. ಪಕ್ಕದಲ್ಲಿದ್ದ ಇನ್ನೊಂದರಲ್ಲಿ ಅದೇ ಹಾಡು ಎದೆಗೆ ಗುದ್ದಿದ ಹಾಗೆ ಬಂತು. ಅದು ಚಂದ ಮಾಡಿ ಕೇಳಿಸುತ್ತದೆ, ಇದು ಇದ್ದದ್ದನ್ನು ಇದ್ದ ಹಾಗೆ ಕೇಳಿಸುತ್ತದೆ, ಸಂಗೀತ ಮಾಡುವವರಿಗೆ ಇದೇ ಬೇಕು ಎಂದ ಅಂಗಡಿಯವನು. ತನ್ನ ಸರಕಿನಲ್ಲಿ ಚಂದವಿಲ್ಲ ಎಂದು ತಾನೇ ಹೇಳುವ ವ್ಯಾಪಾರಿಯನ್ನು ನಾನು ಕಂಡದ್ದು ಅದೇ ಮೊದಲು. ಯಾರೂ ಕೊಳ್ಳದ ಮಾಲನ್ನು ದಾಟಿಸುತ್ತಿದ್ದಾನೆ ಎಂದು ನನಗೆ ಖಾತ್ರಿಯಾಯಿತು. ತಾನೇ ಸದ್ದು ಮಾಡುವ ಕೀಬೋರ್ಡು, ಎದೆಗೆ ಗುದ್ದುವ ಹೆಡ್‌ಫೋನು ಎಂದು ಎರಡನ್ನೂ ಬದಲಾಯಿಸಿಕೊಂಡೆ. ಇನ್ನು ವಾಪಸು ತರುವುದಿಲ್ಲ ಎಂದು ನನ್ನ ಬಾಯಿಂದ ಹೇಳಿಸಿಕೊಂಡೇ ಅವನು ಕೊಟ್ಟ.

ಭಾನುವಾರ ರೈಲಿನುದ್ದಕ್ಕೂ ಪೆಟ್ಟಿಗೆಯನ್ನು ಮಡಿಲಲ್ಲೇ ಇಟ್ಟುಕೊಂಡಿದ್ದೆ. ಎದುರು ಕೂತವನ ಮೇಲೆ ನನಗೆ ನಂಬಿಕೆ ಇರಲಿಲ್ಲ. ಶ್ರೀಕಾರ್ಯಂ ತಲುಪಿ ವಿದ್ಯಾಳ ಕೋಣೆಯಲ್ಲಿ ಕೀಬೋರ್ಡಿನ ಒಂದು ಗುಂಡಿ ಒತ್ತಿದೆ. ತಬಲ, ಕೊಳಲು, ಪಿಟೀಲು, ಇಡೀ ಮದುವೆ ಮನೆಯೇ ಎದ್ದು ಬಾರಿಸತೊಡಗಿತು. ಕೋಣೆಯ ಗೆಳತಿಯರು ಚಪ್ಪಾಳೆ ತಟ್ಟಿದರು. ವಿದ್ಯಾ ಮಾತ್ರ ಅದನ್ನು ಮಗುಚಿ ಹಿಂಬದಿಯಲ್ಲಿ ಏನೋ ಹುಡುಕಿದಳು.

"ಅಣ್ಣ, ಇದನ್ನು ಕಂಪ್ಯೂಟರಿಗೆ ಸಿಕ್ಕಿಸುದು ಎಲ್ಲಿ?"

"ಸಿಕ್ಕಿಸುದು ಎಂತಕ್ಕೆ? ಇದು ತಾನೇ ಬಾರಿಸ್ತದೆ."

ಅವಳು ಎದ್ದು ಹೋಗಿ ಚಹಾ ಮಾಡಿ ತಂದಳು. ಚಹಾಕ್ಕೆ ಸಕ್ಕರೆ ಇರಲಿಲ್ಲ. ಸಂತೋಷದಲ್ಲಿ ಮರೆತಿದ್ದಾಳೆ ಎಂದುಕೊಂಡೆ.

ನಾಟಕ ಹತ್ತಿರ ಬಂದಿತ್ತು. ಬೇರೆ ತರಿಸಲು ಪುರುಸೊತ್ತಿಲ್ಲದೆ, ಒಂದೊಂದೇ ಸ್ವರವನ್ನು ಮೌಸಿನಿಂದ ಚುಚ್ಚಿ ಚುಚ್ಚಿ ಇಟ್ಟು, ನಾನು ಕೊಟ್ಟ ಹೆಡ್‌ಫೋನಿನಲ್ಲೇ ಕೇಳಿ ಕೇಳಿ ಮುಗಿಸಿದಳಂತೆ. ನೋಡಲು ನಾನೂ ಹೋಗಿ ಮುಂದಿನ ಸಾಲಿನಲ್ಲಿ ಕೂತೆ. ನಡುಗಡಲಿನಲ್ಲಿ ಬಿರುಗಾಳಿ ಏಳುವ ದೃಶ್ಯ ಬಂತು. ಸ್ಪೀಕರಿನಿಂದ ಹೊರಟದ್ದು ಬಾಣಲೆಯಲ್ಲಿ ಹಪ್ಪಳ ಕರಿದ ಸದ್ದು. ಮುಳುಗುತ್ತಿದ್ದ ನಾಯಕ ತಲೆ ಎತ್ತಿ ಆಚೀಚೆ ನೋಡಿದ. ಜನ ಹೊಟ್ಟೆ ಹಿಡಿದು ನಕ್ಕರು. ಕೊನೆಗೆ ತಂಡದ ಹಿರಿಯರು ವಿದ್ಯಾಳ ಬಳಿ ಬಂದು, ಮುಂದಿನ ನಾಟಕವನ್ನು ಬೇರೊಬ್ಬರಿಗೆ ವಹಿಸಿದ್ದೇವೆ ಎಂದು ಮೆಲ್ಲಗೆ ಹೇಳಿ ಹೋದರು.

ನಾನು ಮೊದಲು ಅನುಮಾನಪಟ್ಟದ್ದು ಸಭಾಂಗಣದ ಸ್ಪೀಕರನ್ನು, ಆಮೇಲೆ ಅದನ್ನು ನಡೆಸುತ್ತಿದ್ದವನನ್ನು. ಬಸ್‌ಸ್ಟಾಪಿನಲ್ಲಿ ವಿದ್ಯಾ ತಾನಾಗಿ ಹೇಳಿದಳು: "ಹೆಡ್‌ಫೋನಲ್ಲಿ ಗುಡುಗು ಜಾಸ್ತಿ ಕೇಳ್ತಿತ್ತು. ಅದಕ್ಕೆ ನಾನೇ ಇಳಿಸ್ತಾ ಹೋದೆ, ಕಡೆಗೆ ಮಳೆಯ ಚರಚರ ಮಾತ್ರ ಉಳೀತು. ಅದು ಚಂದ ಮಾಡಿ ಕೇಳಿಸುದು, ಅಣ್ಣ."

ನನ್ನ ಕಣ್ಣ ಮುಂದೆ ಹಸಿರು ಕಾಗದ ಬಂದು ನಿಂತಿತು. ವರ್ಷಗಟ್ಟಲೆ ಮಾರುವವರ ಕೈಯಿಂದ ಕಿತ್ತು ಬಿಸಾಡಿದ ಕಾಗದವನ್ನು ಆರಿಸಿ ಆರಿಸಿ ತಂಗಿಗೆ ಕೊಟ್ಟಿದ್ದೆ. ಇದ್ದದ್ದನ್ನು ಇದ್ದ ಹಾಗೆ ತೋರಿಸುವ ಬಿಳಿ ಬಟ್ಟೆಯನ್ನು ಅಂಗಡಿಯಲ್ಲೇ ಬಿಟ್ಟು ಬಂದಿದ್ದೆ.

ಅಂಗಡಿಯವನು ಸರಿಯಾಗಿ ಬಿಡಿಸಿ ಹೇಳಬೇಕಿತ್ತು ಎಂದು ಶುರು ಮಾಡಿದೆ. ಅವಳು ರಸ್ತೆ ನೋಡುತ್ತಿದ್ದಳು. ಮಾತು ಅಲ್ಲೇ ನಿಲ್ಲಿಸಿ, ತಪ್ಪಾಯ್ತು ಎಂದೆ. ಅವಳು ಗಕ್ಕನೆ ತಿರುಗಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಹುಷಾರಿಲ್ವಾ ನಿಂಗೆ? ಹೀಗೆ ಹೇಳ್ಲಿಕ್ಕೆ ಯಾರು ಹೇಳಿಕೊಟ್ಟದ್ದು?" ನಮ್ಮ ಮನೆಯಲ್ಲಿ ಈ ಅನುಮಾನ ನನ್ನೊಬ್ಬನ ಕಾಯಿಲೆಯಲ್ಲ ಎಂದು ಆಗ ಗೊತ್ತಾಯಿತು. ಬಸ್ಸು ಬಂತು. ಸುತ್ತ ನಿಂತವರಿಗೂ ಕೇಳುವ ಹಾಗೆ ಇನ್ನೊಮ್ಮೆ ಹೇಳಿದೆ:

"ಯಾರೂ ಹೇಳಿಕೊಟ್ಟದ್ದಲ್ಲ, ವಿದ್ಯಾ. ನಿಂಗೆ ಒಂದು ಫೋನು ಮಾಡ್ಬೇಕಿತ್ತು, ಮಾಡ್ಲಿಲ್ಲ. ತಪ್ಪು ನಂದೇ."