ಕಡತಕ್ಕೆ ಕುತ್ತಿಗೆ ನಿಂತ ಪ್ರಕರಣ

ಆಸರೆ ಸಾಧನಗಳ ಕಚೇರಿಯು ತಮ್ಮಷ್ಟಕ್ಕೆ ತಾವು ಕೂರಲಾರದವರನ್ನು ಕೂರಿಸುವ ಸಲುವಾಗಿ ಸ್ಥಾಪನೆಯಾಗಿದ್ದು, ಸ್ಥಾಪನೆಯಾದಂದಿನಿಂದ ಅಲ್ಲಿಗೆ ಬಂದವರೆಲ್ಲ ನಿಂತೇ ಇರುತ್ತಾರೆ. ಅಲ್ಲಿ ಬೆಂಚು ಇಲ್ಲ. ಬೆಂಚು ಹಾಕಿದರೆ ಬಂದವರು ಕೂತುಬಿಡುತ್ತಾರೆ, ಕೂತವರಿಗೆ ಕೂರಲು ಬರುತ್ತದೆಂದು ಸಾಬೀತಾಗುತ್ತದೆ, ಸಾಬೀತಾದವರ ಅರ್ಜಿ ಬಿದ್ದುಹೋಗುತ್ತದೆ. ಹಾಗಾಗದಿರಲೆಂಬ ಕರುಣೆಯಿಂದಲೇ ಬೆಂಚು ತೆಗೆಸಿದ್ದಾರೆ. ಈ ಬರಹವನ್ನು ಒಂದು ದೂರೆಂದು ಸ್ವೀಕರಿಸಬೇಕಾಗಿ ವಿನಂತಿ. ಕಾರಣ ಕೊನೆಯಲ್ಲಿದೆ.

ನನ್ನ ತಂಗಿಯ ಮಗಳಿಗೆ ಆಗ ಒಂಬತ್ತು ತಿಂಗಳು. ದಾಖಲೆಯಲ್ಲಿ ಉದ್ದನೆಯ ಹೆಸರಿದೆ, ಮನೆಯಲ್ಲಿ ಕರೆಯುವುದು ಬೆಣ್ಣೆ ಎಂದು. ಹುಟ್ಟಿನಿಂದಲೇ ಸ್ನಾಯುಗಳಲ್ಲಿ ಬಿಗಿ ಕಡಿಮೆ. ಎತ್ತಿಕೊಂಡರೆ ಕಂಕುಳಿಂದ ಜಾರುತ್ತಾಳೆ, ಕೂರಿಸಿದರೆ ಎಡಕ್ಕೆ ವಾಲುತ್ತಾಳೆ, ತಲೆ ಎದೆಗೆ ಬೀಳುತ್ತದೆ. ಬುದ್ಧಿ ಮಾತ್ರ ಚುರುಕು. ನನ್ನ ಕನ್ನಡಕ ಕಿತ್ತುಕೊಳ್ಳಬೇಕೆಂಬ ದುರಾಸೆ ಅವಳ ಕಣ್ಣಲ್ಲಿ ಎದ್ದು ಕಾಣುತ್ತದೆ. ಕೈ ಅಷ್ಟು ದೂರ ಬರುವುದಿಲ್ಲವಾದ್ದರಿಂದ ನಾನೇ ಮುಖ ಹತ್ತಿರ ಒಯ್ದು ಕೊಡುತ್ತೇನೆ. ಸದಾ ಮಲಗಿಯೇ ಇದ್ದ ಅವಳ ಪಾಲಿಗೆ ಪ್ರಪಂಚವೆಂದರೆ ಸೂರು, ಫ್ಯಾನು, ಮತ್ತು ಬಗ್ಗಿ ನೋಡುವವರ ಮೂಗಿನ ಹೊಳ್ಳೆ. ಅವಳು ಒಮ್ಮೆ ನೆಟ್ಟಗೆ ಕೂತು ಬೀದಿ ನೋಡಬೇಕು. ತಂಗಿಯ ಆಸೆ ಇದ್ದದ್ದು ಇಷ್ಟೇ.

ಬೆಣ್ಣೆಗೆ ವ್ಯಾಯಾಮ ಮಾಡಿಸುವ ಡಾಕ್ಟರಮ್ಮ ಚೀಟಿ ಬರೆದುಕೊಟ್ಟರು. "ಅಂಗಡೀಲಿ ಸಿಗೋ ಗಾಡಿ ಜೋಳಿಗೆ ಇದ್ದ ಹಾಗೆ. ಅದ್ರಲ್ಲಿ ಹಾಕಿದ್ರೆ ಮಗು ಸಾಮಾನಿನ ಥರ ಮುದುರಿಕೊಳ್ಳುತ್ತೆ. ಇವಳಿಗೆ ಗಟ್ಟಿ ಸೀಟು ಬೇಕು, ಎರಡೂ ಪಕ್ಕ ದಿಂಬು ಬೇಕು, ತಲೆಗೆ ಆಸರೆ ಬೇಕು, ಐದು ಕಡೆ ಬಿಗಿಯೋ ಪಟ್ಟಿ ಬೇಕು. ದಣಿದಾಗ ಬೆನ್ನೊಂದೇ ಅಲ್ಲ, ಇಡೀ ಸೀಟೇ ಹಿಂದಕ್ಕೆ ವಾಲಬೇಕು" ಎಂದರು. ಅಂಥ ತಳ್ಳುಕುರ್ಚಿ ಕೊಡುವ ಅಧಿಕಾರ ಮೇಲೆ ಹೇಳಿದ ಕಚೇರಿಗೆ ಮಾತ್ರ ಇತ್ತು.

ಅರ್ಜಿ ನಮೂನೆಯಲ್ಲಿ ಹದಿನಾಲ್ಕು ಪ್ರಶ್ನೆಗಳಿದ್ದವು. ಹನ್ನೊಂದು ಬಣ್ಣದ ಬಗ್ಗೆ. ಕುತ್ತಿಗೆಯ ಬಗ್ಗೆ ಒಂದೂ ಇರಲಿಲ್ಲ. "ಕುತ್ತಿಗೆ ವಿಷಯ ಎಲ್ಲಿ ಬರೀಲಿ ಸಾರ್?" ಎಂದು ತಂಗಿ ಕೇಳಿದಳು. ಗುಮಾಸ್ತರು ಸಜ್ಜನರು. ಕನ್ನಡಕ ಮೇಲೇರಿಸಿ ನಮೂನೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಬಣ್ಣದಲ್ಲೇ ಬರೀರಿ ಅಮ್ಮ, 'ಇತರೆ' ಅಂತ ಒಂದು ಮನೆ ಇದೆ" ಎಂದರು. ತಂಗಿ ಅದರಲ್ಲಿ "ತಲೆ ನಿಲ್ಲುವುದಿಲ್ಲ" ಎಂದು ಬರೆದಳು. ಅಂತಹ ಬಣ್ಣ ದಾಸ್ತಾನಿನಲ್ಲಿಲ್ಲ ಎಂಬ ಮೊದಲ ತಕರಾರು ಹದಿನೈದನೇ ದಿನ ಬಂತು.

ಆಮೇಲೆ ಪರೀಕ್ಷೆ. ಕಚೇರಿಯಲ್ಲಿ ಒಂದೇ ಒಂದು ಮಾದರಿ ಕುರ್ಚಿಯಿದೆ. ಅದರಲ್ಲಿ ಫಲಾನುಭವಿಯನ್ನು ಕಾಲು ಗಂಟೆ ಕೂರಿಸಿ, ಅಧ್ಯಕ್ಷರೂ ಸೇರಿ ಮೂವರಿರುವ ಆಯ್ಕೆ ಸಮಿತಿ ಸುತ್ತ ನಿಂತು ನೋಡತಕ್ಕದ್ದು. ಕುರ್ಚಿ ಬಂತು. ಬರಿಯ ಸೀಟು.

"ಪಕ್ಕದ ದಿಂಬು ಎಲ್ಲಿ ಸಾರ್?" ಎಂದಳು ತಂಗಿ.

"ಅಲ್ಮೇರದಲ್ಲಿ ಭದ್ರವಾಗಿದೆ. ಆಚೆ ಇಟ್ರೆ ಸವೆದುಹೋಗುತ್ತೆ" ಎಂದರು ಅಧ್ಯಕ್ಷರು.

"ಅದಿಲ್ದೆ ಮಗು ಹೇಗೆ ಕೂರುತ್ತೆ?"

"ಕೂರುತ್ತೋ ಇಲ್ವೋ ಅಂತ ನೋಡೋಕೇ ತಾನೇ ಅಮ್ಮ ಪರೀಕ್ಷೆ."

ಬೆಣ್ಣೆ ಮೂರು ಎಣಿಸುವುದರಲ್ಲಿ ಎಡಕ್ಕೆ ವಾಲಿ, ಜಾರಿ, ಪಟ್ಟಿಯ ಕೆಳಗಿಂದ ಅರ್ಧ ಹೊರಬಂದಳು. ತಂಗಿ ಬಾಚಿ ಎತ್ತಿಕೊಂಡಳು. ಸಮಿತಿ ಬರೆದುಕೊಂಡಿತು: ಕುರ್ಚಿಯು ನೆಟ್ಟಗಿತ್ತು, ಮಗುವು ಸಹಕರಿಸಲಿಲ್ಲ.

ಎರಡನೇ ಸಲ ಡಾಕ್ಟರಮ್ಮನವರೇ ಕೆಲಸ ಬಿಟ್ಟು ಜೊತೆಗೆ ಬಂದು ವಿವರಿಸಹೊರಟರು. ಅಧ್ಯಕ್ಷರು ಕೈಯೆತ್ತಿ ತಡೆದು, "ತಾವು ಕುರ್ಚಿಯ ತಜ್ಞರೋ, ಮಗುವಿನ ತಜ್ಞರೋ?" ಎಂದರು.

"ಮಗುವಿನ."

"ಇದು ಕುರ್ಚಿ ಸಮಿತಿ ಅಮ್ಮ. ತಪ್ಪು ತಿಳೀಬೇಡಿ."

ಡಾಕ್ಟರಮ್ಮ ತಪ್ಪು ತಿಳಿಯಲಿಲ್ಲ. ಬಾಗಿಲು ಮಾತ್ರ ಸ್ವಲ್ಪ ಜೋರಾಗಿ ಹಾಕಿಕೊಂಡು ಹೋದರು. ಅದಕ್ಕೂ ಒಂದು ತಕರಾರು ಬಂತು, ಎರಡು ಪ್ರತಿಯಲ್ಲಿ.

ಹೀಗೆ ನಾವು ಹನ್ನೆರಡು ಸಲ ಹೋದೆವು. ತಂಗಿ ಏಳು ಅನ್ನುತ್ತಾಳೆ. ನಾನು ಕತೆ ಹೇಳುವವನು, ಅವಳು ಮಗು ಎತ್ತಿಕೊಂಡು ನಿಂತವಳು. ಅವಳ ಲೆಕ್ಕವೇ ಇರಲಿ. ಮಗುವಿನ ಬೆಳವಣಿಗೆ ನಿಧಾನವೆಂದು ಎಲ್ಲರೂ ಬರೆದಿದ್ದರು. ಕಡತ ಮಾತ್ರ ಹೊಟ್ಟೆಬಾಕನಂತೆ ಬೆಳೆದು ಇನ್ನೂರ ಹದಿನಾಲ್ಕು ಹಾಳೆಯಾಯಿತು. ರಟ್ಟು ಸಡಿಲ, ದಾರ ಸಡಿಲ. ಕಪಾಟಿನಲ್ಲಿ ನಿಲ್ಲಿಸಿದರೆ ಎಡಕ್ಕೆ ವಾಲುವುದು, ಮೇಜಿನ ಮೇಲಿಟ್ಟರೆ ಜಾರುವುದು. ಮನೆಯ ಚಾಳಿ ಅದಕ್ಕೂ ಬಂದಿತ್ತು.

ಆ ಕಚೇರಿಯಲ್ಲಿ ಒಂದು ಸುತ್ತೋಲೆಯಿದೆ. ಯಾವ ಕಡತವೂ ಯಾವ ಕಾರಣಕ್ಕೂ ವಾಲಕೂಡದು, ವಾಲಿದಲ್ಲಿ ಅಟೆಂಡರೇ ಹೊಣೆ. ಏಳನೇ ಭೇಟಿಯ ದಿನ ನಮ್ಮ ಕಡತ ಕಪಾಟಿನಿಂದ ಎರಡು ಸಲ ಬಿತ್ತು. ಅಟೆಂಡರ್ ಅದನ್ನು ಎತ್ತಿ ನೋಡಿ, "ಇದು ನಿಮ್ದಾ ಸಾರ್? ಸೊಂಟಾನೇ ಇಲ್ಲ ಇದಕ್ಕೆ" ಎಂದ. ಆಮೇಲೆ ಅಲ್ಮೇರದ ಬೀಗ ತೆಗೆದ. ಪಕ್ಕದ ದಿಂಬು, ತಲೆದಿಂಬು, ಪಟ್ಟಿ, ಸ್ಪ್ಯಾನರು ಎಲ್ಲ ಹೊರಗೆ ಬಂದವು. ಮಾದರಿ ಕುರ್ಚಿಯಲ್ಲಿ ಕಡತವನ್ನು ಹಿಂದಕ್ಕೆ ಒತ್ತಿ ಕೂರಿಸಿದ, ಪಟ್ಟಿ ಬಿಗಿದ, ಎರಡೂ ದಿಂಬನ್ನು ಅದರ ಅಳತೆಗೆ ತಂದು ತಿರುಪು ಬಿಗಿ ಮಾಡಿದ, ತಲೆಗೆ ಆಸರೆ ಕೊಟ್ಟ. ಡಾಕ್ಟರಮ್ಮ ಚೀಟಿಯಲ್ಲಿ ಬರೆದಿದ್ದ ಒಂದೊಂದೂ ಚಾಚೂ ತಪ್ಪದೆ ನಡೆಯಿತು. ತಂಗಿ ಬೆಣ್ಣೆಯನ್ನು ಹೆಗಲಿಗೆ ಹಾಕಿಕೊಂಡು ಅದನ್ನೆಲ್ಲ ನೋಡಿದಳು. ಆಮೇಲೆ ಹಾಲು ಕುಡಿಸಲು ಆಚೆ ಹೋದಳು.

ಬೆಣ್ಣೆಯ ಉಣ್ಣೆ ಟೋಪಿಯನ್ನು ಆ ಕಡತದ ತಲೆಗೆ ತೊಡಿಸಿದವರು ಯಾರೆಂಬುದು ಇಂದಿಗೂ ಪತ್ತೆಯಾಗಿಲ್ಲ. ತನಿಖೆಗೆ ನಾನು ಪೂರ್ಣ ಸಹಕಾರ ನೀಡಿದ್ದೇನೆ.

ಅಷ್ಟರಲ್ಲಿ ಸಮಿತಿ ಬಂತು. ಊಟದ ಹೊತ್ತು ಹತ್ತಿರವಾಗಿತ್ತು. ಮೂವರೂ ಕುರ್ಚಿಯ ಸುತ್ತ ನಿಂತರು.

"ಮುಖ ಸ್ವಲ್ಪ ಚಪ್ಪಟೆ" ಎಂದರು ಒಬ್ಬರು.

"ತಂದೆ ಕಡೆಯದಿರಬೇಕು" ಎಂದರು ಇನ್ನೊಬ್ಬರು.

ಅಧ್ಯಕ್ಷರು ನನ್ನ ಕಡೆ ತಿರುಗಿ, "ಆಹಾರ ಏನು ತಗೊಳ್ಳುತ್ತೆ?" ಎಂದರು.

"ಶಾಯಿ ಮಾತ್ರ ಸಾರ್."

"ಒಳ್ಳೇದು. ಹಾಗೇ ಮುಂದುವರಿಸಿ."

ಕಾಲು ಗಂಟೆ ಕಳೆಯಿತು. ಫಲಾನುಭವಿ ವಾಲಲಿಲ್ಲ, ಜಾರಲಿಲ್ಲ, ಅಳಲಿಲ್ಲ. ಇಷ್ಟು ಸಭ್ಯ ಮಗುವನ್ನು ತಮ್ಮ ಸೇವಾವಧಿಯಲ್ಲಿ ಕಂಡಿಲ್ಲವೆಂದು ಅಧ್ಯಕ್ಷರು ಟೋಪಿಯ ಮೇಲೆ ಮೆಲ್ಲಗೆ ತಟ್ಟಿದರು. ಸ್ವಲ್ಪ ಧೂಳು ಹಾರಿತು. ಕುತ್ತಿಗೆಯಲ್ಲಿ ತೂಗುತ್ತಿದ್ದ ಚೀಟಿ ನೋಡಿ ಹೆಸರು ಬರೆದುಕೊಂಡು ಊಟಕ್ಕೆ ಹೋದರು.

ಮರುದಿನ ಗುಮಾಸ್ತರು ಹೇಳಿ ಕಳಿಸಿದರು. ಓಡಿಹೋದೆವು.

"ಕುರ್ಚಿ ಮಂಜೂರಾಗಿದೆ ಅಮ್ಮ" ಎಂದರು. ತಂಗಿಯ ಮುಖ ಅರಳುವ ಮೊದಲೇ, "ಫೈಲಿಗೆ" ಎಂದರು.

ತಂಗಿ ಆದೇಶ ಓದಿದಳು. ಫಲಾನುಭವಿಯ ಹೆಸರಿನ ಜಾಗದಲ್ಲಿ ಕಡತದ ಸಂಖ್ಯೆಯಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಅವಳು ಅಳಲಿಲ್ಲ, ರೇಗಲೂ ಇಲ್ಲ. "ಫೈಲು ಬೀದಿ ನೋಡುತ್ತಾ ಸಾರ್?" ಎಂದು ಕೇಳಿದಳು, ಅಷ್ಟೆ.

ಗುಮಾಸ್ತರು ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು. "ಆದೇಶ ತಿದ್ದೋಕಾಗಲ್ಲ. ತಿದ್ದಬೇಕಾದ್ರೆ ಸಮಿತಿ ಫೈಲನ್ನ ಮಗು ಅಂದ್ಕೊಂಡಿತ್ತು ಅಂತ ಬರೀಬೇಕು. ಹಾಗೆ ಬರಿಯೋಕೆ ಸಮಿತೀನೇ ಒಪ್ಪಬೇಕು." ಇನ್ನೂ ಒಮ್ಮೆ ಮುಚ್ಚಳ ತೆಗೆದರು. ಆಮೇಲೆ ದನಿ ತಗ್ಗಿಸಿ, "ಆದ್ರೆ ಅಡಕಗಳಿಲ್ದೆ ಯಾವ ಫೈಲೂ ಕಚೇರಿ ಬಿಟ್ಟು ಹೋಗೋ ಹಾಗಿಲ್ಲ ನೋಡಿ" ಎಂದು ಬೆಣ್ಣೆಯ ಕಡೆ ನೋಡಿದರು.

ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಬೆಣ್ಣೆಯನ್ನು ಅದೇ ಮಧ್ಯಾಹ್ನ ಸದರಿ ಕಡತದ ಅಡಕ ಇಪ್ಪತ್ತಮೂರು ಎಂದು ದಾಖಲಿಸಲಾಯಿತು. ಅಂಗಿಯ ಗುಂಡಿಗೆ ಚೀಟಿ ಕಟ್ಟಿದರು. ಪಂಚ್ ಹಾಕುವುದು ನಿಯಮ, ಆದರೆ ಗುಮಾಸ್ತರು ತಮ್ಮ ವಿವೇಚನೆ ಬಳಸಿ ಅಂಗಿಯ ಅಂಚಿಗೆ ಮಾತ್ರ ಹಾಕಿದರು. ಷರತ್ತುಗಳನ್ನು ಓದಿ ಹೇಳಿದರು: ಕುರ್ಚಿಯಲ್ಲಿ ಕಡತ ಸದಾ ಇರತಕ್ಕದ್ದು, ಕಡತ ಮತ್ತು ಅಡಕ ಹೊರತು ಬಟ್ಟೆಬರೆ, ಹೊರಗಿನ ದಿಂಬು ಮುಂತಾದ ಅನ್ಯ ವಸ್ತು ಇರಕೂಡದು, ವಾರಕ್ಕೊಮ್ಮೆ ಮೂವರನ್ನೂ ತಂದು ತೋರಿಸತಕ್ಕದ್ದು. ಮೂವರೆಂದರೆ ಕುರ್ಚಿ, ಕಡತ, ಬೆಣ್ಣೆ.

ಕೊಟ್ಟದ್ದು ಅದೇ ಮಾದರಿ ಕುರ್ಚಿ. ಅದನ್ನು ಕಡತದ ಅಗಲಕ್ಕೆ ಬಿಗಿಯಲಾಗಿತ್ತಲ್ಲ, ಅದರಲ್ಲಿ ಬೆಣ್ಣೆ ಕೂತರೆ ಎಡಗಡೆ ಸಂದು ಉಳಿಯುತ್ತಿತ್ತು. ತಿರುಪು ಸಡಿಲಿಸಲು ಸ್ಪ್ಯಾನರು ಬೇಕು, ಅದು ಅಲ್ಮೇರಕ್ಕೆ ವಾಪಸಾಗಿತ್ತು. ಅಟೆಂಡರ್ ಕಡತವನ್ನೇ ಆ ಸಂದಿಗೆ ನಿಲ್ಲಿಸಿದ. ಇನ್ನೂರ ಹದಿನಾಲ್ಕು ಹಾಳೆ ಮಗುವಿನ ಪಕ್ಕೆಗೆ ಒತ್ತಿ ನಿಂತವು. ಹುಟ್ಟಿದ ಮೇಲೆ ಮೊದಲ ಸಲ ಬೆಣ್ಣೆ ತಲೆಯೆತ್ತಿ ಬೀದಿಗೆ ಬಂದಳು. ನಾಯಿಗೆ ನಾಲ್ಕು ಕಾಲಿರುತ್ತವೆಂದು ಅವಳಿಗೆ ಗೊತ್ತಾಯಿತು. ಒಂದು ಬಸ್ಸು ಬಂದು ನಿಂತಿತು. ಅದರ ಚಕ್ರವನ್ನು ಜನ ಮುಖ್ಯಮಂತ್ರಿಯನ್ನು ನೋಡುವಂತೆ ಬಾಯಿ ತೆರೆದು ನೋಡಿದಳು. ತಿರುವಿನ ತನಕ ಚೆನ್ನಾಗಿತ್ತು. ಅಲ್ಲಿಂದಾಚೆ ಮೆಲ್ಲಗೆ ಎಡಕ್ಕೆ ವಾಲತೊಡಗಿದಳು.

ಡಾಕ್ಟರಮ್ಮ ಸಂದಿಗೆ ಬೆರಳಿಟ್ಟು ನೋಡಿದರು. ಈ ಹೊತ್ತಿಗೆ ಅವರೂ ಹದಕ್ಕೆ ಬಂದಿದ್ದರು. "ಫೈಲು ಇನ್ನೊಂದು ಬೆರಳು ದಪ್ಪ ಆಗ್ಬೇಕು" ಎಂದರು.

ತಂಗಿ ಕಚೇರಿಗೆ ಹೋಗಿ, "ಸಾರ್, ಒಂದು ದೊಡ್ಡ ತಕರಾರು ಬೇಕಿತ್ತು" ಎಂದಳು. ಗುಮಾಸ್ತರು ಕಡತವನ್ನು ಆದಿಯಿಂದ ಅಂತ್ಯದವರೆಗೆ ತಿರುವಿ ಹಾಕಿ ಬೇಸರದಿಂದ ತಲೆಯಾಡಿಸಿದರು. "ಎಲ್ಲ ಕ್ರಮಬದ್ಧವಾಗಿದೆ ಅಮ್ಮ. ಎತ್ತೋಕೆ ಏನೂ ಉಳಿದಿಲ್ಲ. ಹೊರಗಿನವರು ಯಾರಾದ್ರೂ ದೂರು ಬರೆದ್ರೆ ಸೇರಿಸ್ಕೋಬೋದು. ಎರಡು ಪ್ರತಿ."

"ನೋಡಣ್ಣ, ಬೇಕಾದಾಗ ಒಂದು ತಕರಾರೂ ಸಿಗಲ್ಲ" ಎಂದು ಮನೆಗೆ ಬಂದು ಗೊಣಗಿದಳು.

ಆದ್ದರಿಂದ ಈ ದೂರು. ದಪ್ಪ ಕಾಗದದಲ್ಲಿ, ಒಂದೇ ಬದಿಗೆ, ಅಗಲ ಅಂಚು ಬಿಟ್ಟು ಬರೆಯುತ್ತಿದ್ದೇನೆ. ಎಲ್ಲಾದರೂ ಮಾತು ಹೆಚ್ಚಾಗಿದ್ದರೆ, ಘಟನೆ ಕೊಂಚ ಉಬ್ಬಿದ್ದರೆ, ಅದಕ್ಕೆ ನನ್ನ ಸ್ವಭಾವ ಕಾರಣವಲ್ಲ, ಸಂದು ಕಾರಣ. ಒಂದೊಂದು ಹಾಳೆ ಮುಗಿದಂತೆ ತಂಗಿ ಒಯ್ದು ಕಡತಕ್ಕೆ ಸೇರಿಸಿ, ಬೆಣ್ಣೆಯನ್ನು ಕೂರಿಸಿ ನೋಡುತ್ತಿದ್ದಾಳೆ. ಗುಮಾಸ್ತರು ಮುಂಗಡವಾಗಿಯೇ ಸ್ವೀಕೃತಿ ಮುದ್ರೆ ಒತ್ತಿಕೊಟ್ಟಿದ್ದಾರೆ. ಅಧ್ಯಕ್ಷರು ಬೀದಿಯಲ್ಲಿ ಸಿಕ್ಕಾಗಲೆಲ್ಲ ಬಗ್ಗಿ ಕಡತದ ಯೋಗಕ್ಷೇಮ ವಿಚಾರಿಸುತ್ತಾರೆ, ಪಕ್ಕದಲ್ಲಿರುವ ಅಡಕವೂ ಮುದ್ದಾಗಿದೆ ಎನ್ನುತ್ತಾರೆ. ಕಳೆದ ವಾರ ಹಾಗೆ ಬಗ್ಗಿದಾಗ ಬೆಣ್ಣೆಯ ಕೈ ಅವರ ಕನ್ನಡಕದವರೆಗೆ ಹೋಯಿತು. ಕಿತ್ತುಕೊಂಡಳು ಎಂದು ಬರೆಯಬಹುದಿತ್ತು, ಮುಟ್ಟಿದಳು. ಇದರ ಬಗ್ಗೆ ಪ್ರತ್ಯೇಕ ತಕರಾರು ಹೊರಡಿಸಬೇಕೆಂದು ಅವರಲ್ಲಿ ನಾನು ಕೈಮುಗಿದು ಕೇಳಿಕೊಂಡಿದ್ದು, ಅದನ್ನು ಅವರು ಪರಿಶೀಲಿಸುವುದಾಗಿ

"ಸಾಕು ಅಣ್ಣ, ಬರಿಯೋದು ನಿಲ್ಲಿಸು. ನೆಟ್ಟಗೆ ಕೂತಿದಾಳೆ."